ಉಪಗ್ರಹಕ್ಕೆ ನಿಮ್ಮ ಹೊಲ ಹೇಗೆ ಕಾಣುತ್ತದೆ? ನೀವೇ ನೋಡಿ, ಆಮೇಲೆ ಪ್ರಶ್ನೆ ಕೇಳಿ

2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಹುಬ್ಬಳ್ಳಿಯಿಂದ ಹಿಡಿದು ಸಣ್ಣ ಹಳ್ಳಿಗಳ ತನಕ ಜನ ಟಿವಿ ಮುಂದೆ ಕೂತು ನೋಡಿದರು, ಹೆಮ್ಮೆ ಪಟ್ಟರು, ಪಡಲೇಬೇಕಾದ ಸಂಗತಿ ಅದು. ಅದೇ ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತ್ತು. ಹವಾಮಾನ ಇಲಾಖೆಯ 1901ರಿಂದೀಚಿನ ದಾಖಲೆಯಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ. ಮುಂದಿನ ತಿಂಗಳು ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಕೊನೆಗೆ ಆ ಪಟ್ಟಿ 236ರಲ್ಲಿ 223 ತಾಲ್ಲೂಕಿಗೆ ಮುಟ್ಟಿತು.

ಯಾವ ತಾಲ್ಲೂಕು ಬರಪೀಡಿತ ಅಂತ ತೀರ್ಮಾನಿಸುವ ಲೆಕ್ಕದಲ್ಲೂ ಉಪಗ್ರಹದ ಚಿತ್ರ ಇರುತ್ತದೆ. ಬಾಹ್ಯಾಕಾಶ ನೀತಿ ಅಂದರೆ ದಿಲ್ಲಿ, ಶ್ರೀಹರಿಕೋಟಾದವರ ವಿಷಯ, ನಮಗೇನು ಅಂತ ಬಿಟ್ಟುಬಿಡೋದು ಸುಲಭ. ಆದರೆ ಚಿತ್ರ ಯಾರ ಕೈಗೆ ಸಿಗುತ್ತದೆ, ಯಾರು ಓದುತ್ತಾರೆ, ತಪ್ಪಾಗಿ ಓದಿದರೆ ಯಾರನ್ನು ಕೇಳಬೇಕು ಅನ್ನೋದೆಲ್ಲ ಆ ನೀತಿಯ ಒಳಗೇ ಬರುತ್ತದೆ. ನಿಮ್ಮ ಹೊಲದ ಚಿತ್ರ ನೀವೇ ನೋಡೋಕೆ ಬೇಕಾಗಿರೋದು ಒಂದು ಫೋನು, ಲ್ಯಾಪ್‌ಟಾಪ್ ಇದ್ದರೆ ಇನ್ನೂ ಚಲೋ.

ಮೊದಲು ಹೊಲದ ಉತಾರ (ಪಹಣಿ) ತೆಗೆದು ಸರ್ವೆ ನಂಬರ್ ನೋಡಿಕೊಳ್ಳಿ. ದಿಶಾಂಕ್ ಅಂತ ರಾಜ್ಯ ಸರ್ಕಾರದ್ದೇ ಆ್ಯಪ್ ಇದೆ, ಕಂದಾಯ ನಕ್ಷೆಯನ್ನು ಅದರಲ್ಲಿ ನೋಡಬಹುದು. ಹೊಲದಲ್ಲೇ ನಿಂತು ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಆ ಜಾಗ ಮ್ಯಾಪಿನಲ್ಲಿ ಎಲ್ಲಿ ಬರುತ್ತದೆ, ಪಕ್ಕದಲ್ಲಿ ಹಳ್ಳ ಇದೆಯಾ, ರಸ್ತೆ ಇದೆಯಾ ಅಂತ ಗುರುತು ಮಾಡಿಕೊಳ್ಳಿ.

ಆಮೇಲೆ ಕೋಪರ್ನಿಕಸ್ ಬ್ರೌಸರ್ ಅಂತ ಹುಡುಕಿ. ಇದು ಯುರೋಪಿನವರದು, ಪುಕ್ಕಟೆ. ಸೆಂಟಿನೆಲ್-2 ಅನ್ನೋ ಉಪಗ್ರಹಗಳು ಸುಮಾರು ಐದು ದಿನಕ್ಕೊಮ್ಮೆ ತೆಗೆಯುವ ಚಿತ್ರಗಳು ಇದರಲ್ಲಿ ಸಿಗುತ್ತವೆ. ನಿಮ್ಮ ಊರಿಗೆ ಹೋಗಿ, ದಿನಾಂಕ ಆರಿಸಿ, ಮೋಡದ ಪ್ರಮಾಣ ಕಡಿಮೆ ಇಡಿ. ಜೂಮ್ ಮಾಡುತ್ತಾ ಹೋದರೆ ಚಿತ್ರ ಸಣ್ಣ ಸಣ್ಣ ಚೌಕಗಳಾಗಿ ಒಡೆಯುತ್ತದೆ. ಒಂದೊಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಎಕರೆಗೆ 40 ಚೌಕ. ನಿಮಗೆ ಎರಡೆಕರೆ ಇದ್ದರೆ ನಿಮ್ಮ ಇಡೀ ಹೊಲ 80 ಚೌಕ, ಬೇಕಿದ್ದರೆ ಬೆರಳಿಟ್ಟು ಎಣಿಸಬಹುದು. ಅದೇ 250 ಮೀಟರಿನ ಚಿತ್ರವಾದರೆ ಒಂದೇ ಚೌಕದಲ್ಲಿ ಹದಿನೈದು ಎಕರೆ ಹೋಗುತ್ತದೆ, ನಿಮ್ಮ ಹೊಲ, ಪಕ್ಕದವರ ಹೊಲ, ಬದುವಿನ ಜಾಲಿ, ಬೋರಿನ ಕೆಳಗಿನ ಕಬ್ಬು ಎಲ್ಲ ಕಲೆಸಿ ಒಂದೇ ಬಣ್ಣ ಆಗುತ್ತದೆ. ಹಾಗಾಗಿ ಯಾರಾದರೂ "ಉಪಗ್ರಹದ ಪ್ರಕಾರ ನಿಮ್ಮ ಕಡೆ ಬೆಳೆ ಚೆನ್ನಾಗಿದೆ" ಅಂದರೆ ಮೊದಲು ಕೇಳಬೇಕಾದ್ದು ಇದನ್ನೇ: ಎಷ್ಟು ಮೀಟರಿನ ಚಿತ್ರ, ಯಾವ ದಿನಾಂಕದ್ದು?

ಈಗ ಪಕ್ಕದ ಪಟ್ಟಿಯಲ್ಲಿ ಎನ್‌ಡಿವಿಐ ಅಂತ ಇರುತ್ತದೆ, ಅದನ್ನು ಒತ್ತಿ. ಗಟ್ಟಿಮುಟ್ಟಾದ ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಸಮೀಪ ಅವಕೆಂಪು ಬೆಳಕನ್ನು ವಾಪಸ್ ಚಿಮ್ಮಿಸುತ್ತದೆ. ಈ ಎರಡರ ವ್ಯತ್ಯಾಸದಿಂದ ಮೈನಸ್ 1ರಿಂದ 1ರ ತನಕ ಒಂದು ಅಂಕಿ ಬರುತ್ತದೆ. ಜಾಸ್ತಿ ಇದ್ದಷ್ಟೂ ಹಸಿರು ಜಾಸ್ತಿ. 2022ರ ಸೆಪ್ಟೆಂಬರಿನ ಚಿತ್ರ, 2023ರ ಸೆಪ್ಟೆಂಬರಿನ ಚಿತ್ರ ಎರಡನ್ನೂ ತೆಗೆದು ಹೋಲಿಸಿ ನೋಡಿ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ಮೊದಲು ಮಳೆ ಕೊರತೆ ನೋಡುತ್ತಾರೆ. ಆಮೇಲೆ ಬಿತ್ತನೆ ಎಷ್ಟಾಗಿದೆ, ಉಪಗ್ರಹದಲ್ಲಿ ಹಸಿರು ಎಷ್ಟಿದೆ, ಮಣ್ಣಿನಲ್ಲಿ ತೇವ ಎಷ್ಟಿದೆ, ಕೆರೆ, ಜಲಾಶಯ, ಅಂತರ್ಜಲದಲ್ಲಿ ನೀರು ಎಷ್ಟಿದೆ ಅಂತ ನೋಡುತ್ತಾರೆ. ಕೊನೆಗೆ ಶೇ 10ರಷ್ಟು ಹಳ್ಳಿಗಳಿಗೆ ಹೋಗಿ ಕಣ್ಣಾರೆ ಪರಿಶೀಲಿಸಬೇಕು. 2023ರಲ್ಲಿ ಏನಾಯಿತೆಂದರೆ ಆಗಸ್ಟ್ ಒಣಗಿ, ಆಮೇಲೆ ಬಿದ್ದ ಚೂರುಪಾರು ಮಳೆಗೆ ಎಷ್ಟೋ ಹೊಲ ಹಸಿರಾಗಿಯೇ ನಿಂತವು. ಹಾವೇರಿ ಕಡೆ ಗೋವಿನಜೋಳದ ಹೊಲ ದೂರದಿಂದ ನೋಡಿದರೆ ಬೆಳೆ ಬಂದಂತೆಯೇ ಇರುತ್ತಿತ್ತು. ಹತ್ತಿರ ಹೋಗಿ ತೆನೆಯ ಸಿಪ್ಪೆ ಸುಲಿದರೆ ಅಲ್ಲೊಂದು ಇಲ್ಲೊಂದು ಕಾಳು, ತುದಿಯಲ್ಲಿ ಬರೀ ಬೆಂಡು. ಆ ಅಕ್ಟೋಬರಿನಲ್ಲಿ ಕೇಂದ್ರದ ತಂಡ ಬಂದಾಗ ರಾಜ್ಯ ಸರ್ಕಾರ "ಹಸಿರು ಬರ" ಅಂತ ವಾದ ಮಾಡಿದ್ದು ಇದಕ್ಕೇ. ಉಪಗ್ರಹಕ್ಕೆ ಎಲೆ ಕಾಣುತ್ತದೆ, ಕಾಳು ಕಾಣೋದಿಲ್ಲ.

ಆಮೇಲಿನದು ರಾಜಕೀಯ. ರಾಜ್ಯ ಕೇಳಿದ್ದು 18,171 ಕೋಟಿ. ತಿಂಗಳುಗಟ್ಟಲೆ ಬರಲಿಲ್ಲ, 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ ಕೊನೆಗೆ ಬಿಡುಗಡೆ ಆಗಿದ್ದು 3,454 ಕೋಟಿ. ಈ ಅಂತರಕ್ಕೆ ಉಪಗ್ರಹ ಕಾರಣ ಅಂತ ನಾನು ಹೇಳುತ್ತಿಲ್ಲ, ಪರಿಹಾರದ ನಿಯಮಗಳಿವೆ, ಎರಡು ಸರ್ಕಾರಗಳ ಜಗಳ ಇದೆ. ಆದರೆ ಹಾನಿ ಎಷ್ಟು ಅಂತ ವಾದ ಶುರುವಾದಾಗ ಸಾಕ್ಷಿ ಯಾರ ಬಳಿ ಇದೆ ಅನ್ನೋದು ಮುಖ್ಯ ಆಗುತ್ತದೆ. ಈ ಸಾಕ್ಷಿ ರೈತನ ಬಳಿಯೂ ಇರಬೇಕು ಅನ್ನೋದು ನನ್ನ ಮಾತು.

ನಮ್ಮದೇ ಉಪಗ್ರಹ ಇಷ್ಟೊಂದಿರುವಾಗ ಯುರೋಪಿನವರದ್ದು ಯಾಕೆ ನೋಡಬೇಕು? ನ್ಯಾಯವಾದ ಪ್ರಶ್ನೆ. 2023ರ ಭಾರತೀಯ ಬಾಹ್ಯಾಕಾಶ ನೀತಿ ಸಾಫಾಗಿ ಹೇಳುತ್ತದೆ: 5 ಮೀಟರ್ ಅಥವಾ ಅದಕ್ಕಿಂತ ದೊಡ್ಡ ಚೌಕದ ಚಿತ್ರಗಳು ಎಲ್ಲರಿಗೂ ಪುಕ್ಕಟೆ, ಸಕಾಲಕ್ಕೆ ಸಿಗಬೇಕು. ಅದಕ್ಕಿಂತ ಸೂಕ್ಷ್ಮವಾದದ್ದು ಸರ್ಕಾರಿ ಸಂಸ್ಥೆಗಳಿಗೆ ಪುಕ್ಕಟೆ, ಖಾಸಗಿಯವರಿಗೆ ದುಡ್ಡಿಗೆ. ನಮ್ಮ ರಿಸೋರ್ಸ್‌ಸ್ಯಾಟ್ ಉಪಗ್ರಹದ ಒಂದು ಕ್ಯಾಮೆರಾ 5.8 ಮೀಟರಿನದು, ಅಂದರೆ ಸೆಂಟಿನೆಲ್‌ಗಿಂತ ಸೂಕ್ಷ್ಮ, ಆದರೂ ಪುಕ್ಕಟೆಯ ಗೆರೆಯ ಒಳಗೇ ಇದೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಭೂನಿಧಿ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಹುಡುಕಬಹುದು. ಆದರೆ ಅದು ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡೋ ಕೆಲಸ ಬಲ್ಲವರಿಗೆ ಮಾಡಿದ್ದು. ಊರಿನ ಎಂಜಿನಿಯರಿಂಗ್ ಹುಡುಗರನ್ನೋ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವವರನ್ನೋ ಜೊತೆಗೆ ಕೂರಿಸಿಕೊಳ್ಳಿ.

ಮುಂಗಾರಿನಲ್ಲಿ ಇನ್ನೊಂದು ತೊಂದರೆ ಎದುರಾಗುತ್ತದೆ. ನವಲಗುಂದ, ಗದಗ ಕಡೆ ಎರಿ ಹೊಲದ ಹೆಸರುಕಾಳು ಜೂನಿನಲ್ಲಿ ಬಿತ್ತಿ ಆಗಸ್ಟಿನಲ್ಲಿ ಕೊಯ್ಲಿಗೆ ಬರುತ್ತದೆ, ಆ ಎರಡೂವರೆ ತಿಂಗಳೂ ಮೇಲೆ ಮೋಡ. ಚಿತ್ರ ತೆಗೆದರೆ ಬಿಳಿ ಹತ್ತಿ ಹರಡಿದಂತೆ ಕಾಣುತ್ತದೆ. ಮೋಡ ದಾಟಿ ನೋಡೋಕೆ ರಾಡಾರ್ ಉಪಗ್ರಹ ಬೇಕು. ಇಸ್ರೋದ ಇಒಎಸ್-04 ಅಂಥದ್ದು, 2022ರ ಫೆಬ್ರವರಿಯಲ್ಲಿ ಕಕ್ಷೆಗೆ ಹೋಯಿತು. ಅದೇ ಜಾತಿಯ ಇಒಎಸ್-09 2025ರ ಮೇ 18ಕ್ಕೆ ಪಿಎಸ್‌ಎಲ್‌ವಿ ರಾಕೆಟ್ ವಿಫಲವಾಗಿ ಕಳೆದುಹೋಯಿತು. ಜುಲೈ 30ಕ್ಕೆ ನಾಸಾ ಜೊತೆ ಮಾಡಿದ ರಾಡಾರ್ ಉಪಗ್ರಹ ನಿಸಾರ್ ಕಕ್ಷೆಗೆ ಹೋಯಿತು, ಅದು 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ರಾಕೆಟ್ ಬಿದ್ದರೆ ಸುದ್ದಿಯಲ್ಲಿ ಪ್ರತಿಷ್ಠೆಯ ಮಾತು ಜಾಸ್ತಿ ಬರುತ್ತದೆ, ಮೋಡದ ಕೆಳಗಿನ ಹೆಸರುಕಾಳಿನ ಮಾತು ಬರೋದಿಲ್ಲ.

ದುಡ್ಡಿನ ಲೆಕ್ಕವನ್ನೂ ಒಮ್ಮೆ ನೋಡಿಬಿಡಿ. 2025-26ರ ಬಜೆಟ್ಟಿನಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟಿದ್ದು ಸುಮಾರು 13,400 ಕೋಟಿ, ಒಟ್ಟು ಬಜೆಟ್ 50.65 ಲಕ್ಷ ಕೋಟಿ. ನೂರು ರೂಪಾಯಿಗೆ 26 ಪೈಸೆ. ಅದರಲ್ಲಿ ದೊಡ್ಡ ಪಾಲು ತಂತ್ರಜ್ಞಾನದ ತಲೆಬರಹದಡಿ ಹೋಗುತ್ತದೆ, ಬಳಕೆಗೆ ಅಂತ ಇರುವ ತಲೆಬರಹಕ್ಕೆ ಅದಕ್ಕಿಂತ ಎಷ್ಟೋ ಕಡಿಮೆ. ಖರ್ಚು ಕಡಿಮೆ ಮಾಡಿ ಅಂತ ನಾನು ಹೇಳೋದಿಲ್ಲ, ಈ ಎರಡನೆಯ ಪಾಲು ಬೆಳೀಬೇಕು ಅಂತ ಹೇಳುತ್ತೇನೆ.

ಇನ್ನು ಕೇಳೋದು ಹೇಗೆ. ಬಾಹ್ಯಾಕಾಶ ಇಲಾಖೆ ಪ್ರಧಾನಿಯವರ ಕೈಯಲ್ಲಿದೆ, ಮುಖ್ಯ ಕಚೇರಿ ಬೆಂಗಳೂರಿನ ಅಂತರಿಕ್ಷ ಭವನ. ನಿಮ್ಮ ಸಂಸದರು ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಹಾಕಬಹುದು, ಕನಿಷ್ಠ 15 ದಿನ ಮೊದಲು ಕೊಡಬೇಕು, ಹಾಗಾಗಿ ಅಧಿವೇಶನ ಶುರುವಾಗುವ ಮುಂಚೆಯೇ ಪತ್ರ ಕೊಡಿ. ಸಂಸದರು ಯಾರು ಅನ್ನೋದರಲ್ಲೇ ಗೊಂದಲ ಆಗುತ್ತದೆ ನಮ್ಮ ಕಡೆ: ಗದಗ, ರೋಣ, ಶಿರಹಟ್ಟಿ ಹಾವೇರಿ ಕ್ಷೇತ್ರಕ್ಕೆ ಬರುತ್ತವೆ, ನರಗುಂದ ಬಾಗಲಕೋಟೆಗೆ, ಹಾವೇರಿ ಜಿಲ್ಲೆಯದ್ದೇ ಆದ ಶಿಗ್ಗಾಂವಿ ಧಾರವಾಡಕ್ಕೆ. ಸರಿಯಾದ ಕಚೇರಿಗೆ ಕೊಡಿ.

"ರೈತರಿಗೆ ಬಾಹ್ಯಾಕಾಶದಿಂದ ಏನು ಉಪಯೋಗ" ಅಂತ ಕೇಳಿದರೆ ಉದ್ದ ಭಾಷಣ ಬರುತ್ತದೆ, ಉತ್ತರ ಬರೋದಿಲ್ಲ. ಚಿಕ್ಕದಾಗಿ, ಜಾಗ ಹೆಸರಿಸಿ ಕೇಳಿ. ಉದಾಹರಣೆಗೆ, ಧಾರವಾಡ ಜಿಲ್ಲೆಯ ಸೋಯಾಬೀನ್ ಬಗ್ಗೆ. ಫಸಲ್ ಬಿಮಾದಲ್ಲಿ ಇಳುವರಿ ಲೆಕ್ಕಕ್ಕೆ ಉಪಗ್ರಹ ಆಧಾರಿತ ಅಂದಾಜನ್ನೂ ಸೇರಿಸುವ ಪದ್ಧತಿ 2023ರಲ್ಲಿ ಭತ್ತ, ಗೋಧಿಗೆ ಬಂತು, 2024ರ ಮುಂಗಾರಿಗೆ ಸೋಯಾಬೀನೂ ಸೇರಿತು. ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಅದನ್ನು ಬಳಸಿದ್ದಾರಾ, ಬಳಸಿದ್ದರೆ ಯಾವ ಉಪಗ್ರಹದ, ಯಾವ ದಿನಾಂಕಗಳ ಚಿತ್ರ, ಪಂಚಾಯತಿವಾರು ಅಂಕಿ ಎಲ್ಲಿ ಸಿಗುತ್ತದೆ?

ಮಾಹಿತಿ ಹಕ್ಕಿನಲ್ಲೂ ಇದನ್ನೇ ಕೇಳಬಹುದು. ಶುಲ್ಕ ಹತ್ತು ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ರಾಜ್ಯದ ಇಲಾಖೆಗೆ ಹಾಕುವಾಗ ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ ಇರಬೇಕು. ನಮ್ಮಲ್ಲಿ ಬಾಹ್ಯಾಕಾಶಕ್ಕೆ ನೀತಿ ಇದೆ, ಕಾನೂನು ಇನ್ನೂ ಆಗಿಲ್ಲ, 2017ರಲ್ಲಿ ಕರಡು ಮಸೂದೆ ಬಂದು ಹಾಗೇ ಉಳಿಯಿತು. ಆದ್ದರಿಂದ ನೀತಿಯ ಮಾತು ಪಾಲಿಸದಿದ್ದರೆ ಕೋರ್ಟಿನಲ್ಲಿ ಹಿಡಿದು ಕೇಳೋದು ಕಷ್ಟ, ಸದ್ಯಕ್ಕೆ ಇಂಥ ಅರ್ಜಿಗಳೇ ಆಸರೆ.

ಚಿತ್ರಗಳನ್ನು ಸುಮ್ನೆ ನೋಡಿ ಬಿಡಬೇಡಿ. ಬಿತ್ತನೆ ಆದ ಮೇಲೆ ಮೋಡ ಇಲ್ಲದ ದಿನ ಸಿಕ್ಕಾಗಲೆಲ್ಲ ಒಂದು ಸ್ಕ್ರೀನ್‌ಶಾಟ್, ಅದರ ಜೊತೆಗೆ ಅದೇ ವಾರ ಹೊಲದಲ್ಲಿ ನಿಂತು ತೆಗೆದ ಫೋಟೊ, ತೆನೆ ಅಥವಾ ಕಾಯಿ ಬಿಚ್ಚಿ ತೋರಿಸುವಂಥದ್ದು, ದಿನಾಂಕ ಮತ್ತು ಲೊಕೇಶನ್ ಸಮೇತ. ಬೆಳೆ ದರ್ಶಕ್ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಅಂತ ನೋಡಿ, ಗೋವಿನಜೋಳ ಇದ್ದಲ್ಲಿ ಹತ್ತಿ ಅಂತ ಬಿದ್ದಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ. ಅವಧಿ ಮುಗಿದ ಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಎಷ್ಟು ಸಲ ಅಲೆದರೂ ತಿದ್ದೋದು ಕಷ್ಟ ಆಗುತ್ತದೆ.