ಗಿರಣಿಯ ಸೇವಾ ಕಾಣಿಕೆ ವಾಚನ್ನು ಮತ್ತೆ ಓಡಿಸುವುದು

ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದ ಅಜ್ಜನಿಗೆ ಸೇವಾ ಕಾಣಿಕೆಯಾಗಿ ಬಂದ ಎಚ್‌ಎಂಟಿ ಜನತಾ ವಾಚು ಬೀರುವಿನಲ್ಲಿ ನಿಂತಿದೆಯೇ? 17 ಜ್ಯುವೆಲ್‌ನ (ಚಕ್ರಗಳ ತುದಿ ಸವೆಯದಂತೆ ಕೂರಿಸಿದ ಸಣ್ಣ ಹರಳುಗಳು), ಕೀ ಕೊಡುವ ವಾಚು ಅದು, ಸೆಲ್ ಹುಡುಕಬೇಡಿ.

ಮೊದಲು ನಿಧಾನವಾಗಿ ಕೀ ತಿರುಗಿಸಿ. ಎಷ್ಟು ತಿರುಗಿಸಿದರೂ ಬಿಗಿಯಾಗದಿದ್ದರೆ ಮುಖ್ಯ ಸ್ಪ್ರಿಂಗ್ ತುಂಡಾಗಿರಬಹುದು. ಪೂರ್ತಿ ಬಿಗಿಯಾಗಿಯೂ ಓಡದಿದ್ದರೆ ಒಳಗಿನ ಎಣ್ಣೆ ಒಣಗಿ ಅಂಟಾಗಿರಬಹುದು. 'ಜಾಸ್ತಿ ಕೀ ಕೊಟ್ಟು ಕೆಟ್ಟಿತು' ಅನ್ನುವ ತಪ್ಪು ಮಾತು ಬರುವುದೇ ಇಲ್ಲಿಂದ. ಅಲ್ಲಾಡಿಸಿ ಓಡಿಸಬೇಡಿ, ಚಕ್ರಗಳ ತುದಿ ಸವೆಯುತ್ತದೆ.

ಹೊಲಿಗೆ ಮಷಿನ್ ಎಣ್ಣೆಯನ್ನಂತೂ ಬಿಡಲೇಬೇಡಿ. ಅದು ಹರಡಿ ಹೇರ್‌ಸ್ಪ್ರಿಂಗ್‌ನ (ವಾಚಿನ ವೇಗ ಹಿಡಿದಿಡುವ ಕೂದಲೆಳೆಯಂಥ ಸ್ಪ್ರಿಂಗ್) ಸುತ್ತುಗಳು ಒಂದಕ್ಕೊಂದು ಅಂಟುತ್ತವೆ, ವಾಚು ಗಂಟೆಗೆ ಹಲವು ನಿಮಿಷ ಮುಂದೋಡುತ್ತದೆ. ಸ್ಪೀಕರ್ ಪಕ್ಕ ಇಟ್ಟು ಅಯಸ್ಕಾಂತ ಹಿಡಿದರೂ ಇದೇ ಲಕ್ಷಣ. ಆಗ ಬಿಚ್ಚುವುದೂ ಬೇಡ, ಅಯಸ್ಕಾಂತ ಬಿಡಿಸುವ ಡೀಮ್ಯಾಗ್ನೆಟೈಸರ್ ಇರುವ ಅಂಗಡಿಯಲ್ಲಿ ಕ್ಷಣದ ಕೆಲಸ.

ರಿಪೇರಿಗೆ ಕೊಡುವಾಗ ಮೂರು ಮಾತು ಹೇಳಿ: ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಬೇಕು, ಹಿಂಬದಿಯ ಮುಚ್ಚಳಕ್ಕೆ ಬಫಿಂಗ್ (ಯಂತ್ರದಲ್ಲಿ ಉಜ್ಜಿ ಹೊಳಪು ಕೊಡುವುದು) ಬೇಡ, ಡಯಲ್ ಮುಟ್ಟಬಾರದು. ಮುಚ್ಚಳದ ಮೇಲೆ ಕೆತ್ತಿದ ಹೆಸರು, ಇಸವಿ ಸವೆದರೆ ವಾಚಿಗೆ ಉಳಿಯುವುದೇನು? ಹಳೆ ಡಯಲ್‌ನ ಅಕ್ಷರವೂ ಒದ್ದೆ ಬಟ್ಟೆಗೇ ಎದ್ದುಬರಬಹುದು.

ಗಾಜು ಅಕ್ರಿಲಿಕ್ (ಪ್ಲಾಸ್ಟಿಕ್) ಆಗಿದ್ದರೆ ಸಣ್ಣ ಗೀರುಗಳಿಗೆ ಕಾಳಿನಷ್ಟು ಬಿಳಿ ಟೂತ್‌ಪೇಸ್ಟ್ ಹಚ್ಚಿ, ಮೆತ್ತನೆ ಬಟ್ಟೆಯಿಂದ ಎರಡು ಮೂರು ನಿಮಿಷ ಉಜ್ಜಿ. ನೀರು ಹಾಕಬೇಡಿ. ಪಟ್ಟಿ ಕೊಳ್ಳುವ ಮೊದಲು ಪಟ್ಟಿ ಸಿಕ್ಕಿಸುವ ಕೊಂಬುಗಳ ನಡುವಿನ ಅಳತೆಯನ್ನು ಮಿಲಿಮೀಟರ್‌ನಲ್ಲಿ ನೋಡಿ.

ಸರಿಯಾದ ಮೇಲೆ ದಿನಾ ಬೆಳಗ್ಗೆ, ಕೈಗೆ ಕಟ್ಟುವ ಮೊದಲೇ ಕೀ ಕೊಡಿ. ಬಿಗಿಯಾದ ಕೂಡಲೇ ನಿಲ್ಲಿಸಿ.