ಕೂಟಕ್ಕೆ ಚೀಸ್ ಆಲೂಗಡ್ಡೆ ಕ್ಯಾಸರೋಲ್: ಪಲ್ಯಕ್ಕೆ ಬೇಯಿಸಿದ ಹಾಗೆ ಬೇಯಿಸಬೇಡಿ

ಕಳೆದ ತಿಂಗಳು ಗೆಳತಿಯ ಮಗಳ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಮೇಜಿನ ನಡುವೆ ಚೀಸ್ ಆಲೂಗಡ್ಡೆ ಕ್ಯಾಸರೋಲ್ ಇಟ್ಟಿದ್ದರು. ಮೇಲೆ ಚೆನ್ನಾಗಿ ಕೆಂಪಗಾಗಿತ್ತು. ಚಮಚ ಇಳಿಸಿದರೆ ಒಳಗೆಲ್ಲ ಗಂಜಿ. ಅಂಚಿನಲ್ಲಿ ನೀರು ನಿಂತಿತ್ತು, ನೀರಿನ ಮೇಲೆ ಜಿಡ್ಡು ತೇಲುತ್ತಿತ್ತು. ಪಾಪ, ಬೆಳಿಗ್ಗೆಯಿಂದ ಒದ್ದಾಡಿ ಮಾಡಿದ್ದಳು. ಈ ವರ್ಷ ಹೀಗೆ ಕೆಟ್ಟದ್ದನ್ನು ನಾನು ನೋಡಿದ್ದು ಇದು ಮೂರನೇ ಸಲ. ಮೂರೂ ಕಡೆ ತಪ್ಪು ಒಂದೇ: ಆಲೂಗಡ್ಡೆಯನ್ನು ಪಲ್ಯಕ್ಕೆ ಬೇಯಿಸುವ ಹಾಗೆ ಬೇಯಿಸಿದ್ದರು.

ದಾವಣಗೆರೆಯ ನಮಗೆ ಇದು ಕೈಗೆ ಹತ್ತಿದ ಅಭ್ಯಾಸ. ಬೆಣ್ಣೆದೋಸೆ ಜೊತೆ ಕೊಡುವ ಬಿಳಿ ಪಲ್ಯ ಬಾಯಲ್ಲಿಟ್ಟರೆ ಕರಗಬೇಕು. ಅದಕ್ಕೆ ಕುಕ್ಕರ್‌ನಲ್ಲಿ ನಾಲ್ಕು ವಿಷಲ್ ಕೂಗಿಸಿ, ಬಿಸಿ ಇರುವಾಗಲೇ ಹಿಸುಕುತ್ತೇವೆ. ಕ್ಯಾಸರೋಲ್‌ಗೆ ಬೇಕಾದದ್ದು ಪೂರ್ತಿ ಉಲ್ಟಾ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಕ್ಯಾಸರೋಲ್ ಅಂದರೆ ಚಪಾತಿ ಬಿಸಿಯಾಗಿಡುವ ಡಬ್ಬಿ. ಇದು ಬೇರೆ. ಓವನ್‌ನಲ್ಲಿ ಬೇಯಿಸಿ, ಅದೇ ಪಾತ್ರೆಯಿಂದ ಬಡಿಸುವ ತಿನಿಸು. ಅಮೆರಿಕದ ಯೂಟಾ ಕಡೆ ಇದನ್ನು ‘ಫ್ಯೂನರಲ್ ಪೊಟೇಟೋಸ್’ ಅನ್ನುತ್ತಾರೆ. ಸಾವಾದ ಮನೆಗೆ ನೆರೆಯವರು ಮಾಡಿಕೊಂಡು ಹೋಗುತ್ತಿದ್ದರಿಂದ ಆ ಹೆಸರು. ಈಗ ಹಬ್ಬಕ್ಕೂ ಮಾಡುತ್ತಾರೆ. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ನೆನಪಿಗೆ ಮಾರಿದ ಪಿನ್‌ಗಳಲ್ಲೂ ಇದರ ಚಿತ್ರ ಇತ್ತು. ಅಲ್ಲಿ ತುರಿದು ಫ್ರೀಜ್ ಮಾಡಿದ ಆಲೂಗಡ್ಡೆ, ಡಬ್ಬಿ ಸೂಪ್, ಹುಳಿ ಕ್ರೀಮ್, ಚೀಸ್ ಎಲ್ಲ ಕಲಸಿ, ಮೇಲೆ ಕಾರ್ನ್‌ಫ್ಲೇಕ್ಸ್ ಉದುರಿಸುತ್ತಾರೆ. ಡಬ್ಬಿ ಸೂಪ್ ಬದಲು ನಾವು ವೈಟ್ ಸಾಸ್ ಮಾಡಿಕೊಳ್ಳೋಣ. ಹುಳಿ ಕ್ರೀಮ್ ಬದಲು ಕಟ್ಟಿದ ಮೊಸರು.

ಹನ್ನೆರಡು ಜನಕ್ಕೆ ಬೇಕಾದದ್ದು: ಆಲೂಗಡ್ಡೆ ಒಂದೂವರೆ ಕೆ.ಜಿ., ಹಾಲು 750 ಮಿ.ಲೀ., ಬೆಣ್ಣೆ 100 ಗ್ರಾಂ, ಮೈದಾ 6 ಚಮಚ (ಊಟದ ಚಮಚ, ತಲೆ ಸವರಿ), ಸಾದಾ ಪ್ರೊಸೆಸ್ಡ್ ಚೀಸ್ 200 ಗ್ರಾಂ, ಮೊಝರೆಲ್ಲಾ 100 ಗ್ರಾಂ, ಈರುಳ್ಳಿ 2, ಹಸಿಮೆಣಸಿನಕಾಯಿ 3, ಕಾಳುಮೆಣಸಿನ ಪುಡಿ, ಉಪ್ಪು, ಎರಡು ಹಿಡಿ ಗರಿಗರಿ ಮಂಡಕ್ಕಿ. ಜೊತೆಗೆ ಅರ್ಧ ಲೀಟರ್ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ನೀರು ಇಳಿಸಿಟ್ಟುಕೊಳ್ಳಿ. ಮೊಸರು ಹುಳಿ ಬಂದಿರಬಾರದು.

ಚೀಸ್ ಕೊಳ್ಳುವಾಗ ಪ್ಯಾಕೆಟ್ ತಿರುಗಿಸಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಸಸ್ಯಜನ್ಯ ಎಣ್ಣೆ ಇದ್ದರೆ ಅಲ್ಲೇ ಇಟ್ಟುಬಿಡಿ. ಅಗ್ಗಕ್ಕೆ ಸಿಗುವ ‘ಪಿಜ್ಜಾ ಟಾಪಿಂಗ್’ ಬಹಳಷ್ಟು ಇಂಥದ್ದೇ. ಬಿಸಿಯಾದಾಗ ಎಣ್ಣೆ ಬಿಡುತ್ತದೆ, ಆರಿದ ಮೇಲೆ ರಬ್ಬರ್. ಬಾಟಲಿಯ ಚೀಸ್ ಸ್ಪ್ರೆಡ್ ಕೂಡ ಬೇಡ. ಎರಡು ಥರ ಚೀಸ್ ಯಾಕೆ ಅಂದರೆ, ಪ್ರೊಸೆಸ್ಡ್ ಚೀಸ್ ಒಡೆಯದೆ ನುಣ್ಣಗೆ ಕರಗುತ್ತದೆ, ಮೊಝರೆಲ್ಲಾ ಎಳೆಎಳೆಯಾಗಿ ಬರುತ್ತದೆ. ಒಂದೇ ಸಾಕು ಅನ್ನುವವರು ಪ್ರೊಸೆಸ್ಡ್ ಚೀಸನ್ನೇ ತನ್ನಿ.

ಆಲೂಗಡ್ಡೆ: ಹಿಂದಿನ ದಿನದ ಕೆಲಸ

ಹೊಸ ಗಡ್ಡೆ ಬೇಡ. ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಸುಲಿದು ಬಂದರೆ ಅದು ಹೊಸದು, ನೀರು ಜಾಸ್ತಿ. ಹಾಸನದ ಕಡೆಯ ಹೊಸ ಗಡ್ಡೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಮಾರುಕಟ್ಟೆಗೆ ಬರುತ್ತದೆ. ಆಗ ಇದನ್ನು ಮಾಡುವುದಾದರೆ ಸಿಪ್ಪೆ ಗಟ್ಟಿಯಾದ ಗಡ್ಡೆಯನ್ನೇ ಕೇಳಿ ತನ್ನಿ. ಹಸಿರು ತಿರುಗಿದ್ದನ್ನು ಆರಿಸಿ ಎಸೆಯಿರಿ. ಹಸಿ ಗಡ್ಡೆಯನ್ನು ಫ್ರಿಜ್‌ನಲ್ಲಿಡಬೇಡಿ, ಒಳಗೆ ಸಕ್ಕರೆ ಹೆಚ್ಚಿ ಸಿಹಿಯಾಗುತ್ತದೆ.

ಒಂದೇ ಅಳತೆಯ ಗಡ್ಡೆಗಳನ್ನು ಆರಿಸಿ. ಒಂದು ದೊಡ್ಡದು, ಒಂದು ಗೋಲಿಯಷ್ಟು ಇದ್ದರೆ ಸಣ್ಣದು ಕರಗಿಹೋಗುವ ಹೊತ್ತಿಗೆ ದೊಡ್ಡದು ಇನ್ನೂ ಹಸಿ. ಸಿಪ್ಪೆ ಸಮೇತ, ಇಡಿಯಾಗಿ, ತಣ್ಣೀರಿನಲ್ಲಿ ಹಾಕಿ ಒಲೆಗಿಡಿ. ಕುಕ್ಕರ್ ಬೇಡ. ಹೌದು, ಗ್ಯಾಸ್ ಜಾಸ್ತಿ ಖರ್ಚಾಗುತ್ತದೆ. ಆದರೆ ಕುಕ್ಕರ್ ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಇಲ್ಲಿ ಎರಡು ನಿಮಿಷ ಹೆಚ್ಚಾದರೂ ಕೆಟ್ಟಿತು.

ನೀರು ಕುದಿ ಬಂದ ಮೇಲೆ ಮಧ್ಯಮ ಗಾತ್ರದ ಗಡ್ಡೆಗೆ 12ರಿಂದ 15 ನಿಮಿಷ. ಹತ್ತನೇ ನಿಮಿಷದಿಂದಲೇ ಚಾಕು ಚುಚ್ಚಿ ನೋಡುತ್ತಿರಿ. ಹೊರಗೆ ಸಲೀಸಾಗಿ ಇಳಿಯಬೇಕು, ನಡುವಿಗೆ ಬಂದಾಗ ತಡೆಯಬೇಕು. ಮುಕ್ಕಾಲು ಬೆಂದ ಹದ ಇದು. ಪಲ್ಯ ಮಾಡುವವರಿಗೆ ಇದು ಬೆಂದೇ ಇಲ್ಲ ಅನ್ನಿಸುತ್ತದೆ. ಹಾಗೆ ಅನ್ನಿಸಿದಾಗ ಒಲೆ ಆರಿಸಿ.

ಆರಿಸಿದ ಮೇಲೆ ಗಡ್ಡೆಯನ್ನು ಬಿಸಿನೀರಿನಲ್ಲೇ ಬಿಡಬೇಡಿ. ಒಲೆ ಆರಿದರೂ ಬೇಯುತ್ತಲೇ ಇರುತ್ತದೆ. ತಕ್ಷಣ ಬಸಿದು, ಹತ್ತಿ ಬಟ್ಟೆಯ ಮೇಲೆ ಹರವಿ, ಫ್ಯಾನ್ ಹಾಕಿ. ಆವಿ ಹೋದಷ್ಟೂ ನೀರು ಹೋಯಿತು ಅಂತ ಲೆಕ್ಕ. ಪೂರ್ತಿ ಆರಿದ ಮೇಲೆ ಫ್ರಿಜ್‌ಗೆ. ರಾತ್ರಿ ಇಡೀ ಇದ್ದರೆ ಒಳ್ಳೆಯದು. ನಾಲ್ಕು ಗಂಟೆಗಿಂತ ಕಡಿಮೆ ಮಾತ್ರ ಬೇಡವೇ ಬೇಡ.

ಯಾಕೆ ಇಷ್ಟೆಲ್ಲ? ಆಲೂಗಡ್ಡೆಯ ಪಿಷ್ಟ ಬಿಸಿಯಲ್ಲಿ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ತಣ್ಣಗಾದಾಗ ಮತ್ತೆ ಬಿಗಿಯಾಗುತ್ತದೆ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನಕ್ಕೆ ಉದುರುದುರಾಗಿ ಬರುತ್ತದಲ್ವಾ, ಹಾಗೆಯೇ ಇದೂ. ಬಿಸಿ ಗಡ್ಡೆ ತುರಿದರೆ ಮುದ್ದೆ. ತಣ್ಣನೆಯದು ತುರಿದರೆ ಶಾವಿಗೆಯ ಹಾಗೆ ಬಿಡಿಬಿಡಿ.

ಮರುದಿನ ಸಿಪ್ಪೆ ತೆಗೆದು ತುರಿಮಣೆಯ ದೊಡ್ಡ ಕಣ್ಣಿನಲ್ಲಿ ತುರಿಯಿರಿ. ಉದ್ದಕ್ಕೆ ಎಳೆಯಿರಿ, ಒತ್ತಬೇಡಿ. ತುರಿ ಒದ್ದೆ ಅನ್ನಿಸಿದರೆ ಬಟ್ಟೆಯ ಮೇಲೆ ಹತ್ತು ನಿಮಿಷ ಹರವಿ.

ಹಸಿಯದ್ದನ್ನೇ ತುರಿದು ಹಾಕಿದರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಹಸಿ ತುರಿ ನಿಮಿಷದಲ್ಲಿ ಕಪ್ಪಾಗುತ್ತದೆ, ಓವನ್‌ನಲ್ಲಿ ನೀರು ಬಿಡುತ್ತದೆ, ಮೇಲೆ ಸೀದರೂ ನಡುವೆ ಹಸಿ ಉಳಿಯುತ್ತದೆ.

ಸಾಸ್: ಒಲೆ ಆರಿಸಿ ಚೀಸ್ ಹಾಕಿ

75 ಗ್ರಾಂ ಬೆಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ, ಮೆಣಸಿನಕಾಯಿ ಬಾಡಿಸಿ. ನಮ್ಮೂರಿನ ಬಿಳಿ ಬೆಣ್ಣೆ ಇದ್ದರೆ ಅದೇ ಹಾಕಿ, ಈ ತಿನಿಸಿಗೆ ಅದರಷ್ಟು ಘಮ ಯಾವುದೂ ಕೊಡುವುದಿಲ್ಲ. ಮೈದಾ ಹಾಕಿ ಎರಡು ನಿಮಿಷ ಹುರಿಯಿರಿ. ಹಸಿವಾಸನೆ ಹೋಗಬೇಕು, ಬಣ್ಣ ಬರಬಾರದು. ಬೆಚ್ಚಗಿನ ಹಾಲನ್ನು ಮೂರು ಸಲಕ್ಕೆ ಹಾಕುತ್ತಾ, ಪ್ರತಿ ಸಲವೂ ಗಂಟಿಲ್ಲದ ಹಾಗೆ ತಿರುವಿ. ದೋಸೆ ಹಿಟ್ಟಿನ ಹದಕ್ಕೆ ಬಂದರೆ ಸಾಕು.

ಈಗ ಒಲೆ ಆರಿಸಿ. ಎರಡು ನಿಮಿಷ ಬಿಟ್ಟು ತುರಿದ ಚೀಸ್ ಹಾಕಿ. ಕುದಿಯುವ ಸಾಸ್‌ಗೆ ಚೀಸ್ ಹಾಕಿದರೆ ಅದು ಗಂಟುಕಟ್ಟಿ ಜಿಡ್ಡು ಬಿಡುತ್ತದೆ. ಗೆಳತಿಯ ಪಾತ್ರೆಯಲ್ಲಿ ತೇಲುತ್ತಿದ್ದ ಜಿಡ್ಡು ಅದೇ. ಮೊಸರು ಎಲ್ಲಕ್ಕಿಂತ ಕೊನೆಗೆ. ಮಜ್ಜಿಗೆ ಹುಳಿ ಒಡೆಯದಿರಲಿ ಅಂತ ಕಡಲೆಹಿಟ್ಟು ಕಲಸುತ್ತೇವಲ್ಲ, ಆ ಕೆಲಸವನ್ನು ಇಲ್ಲಿ ಮೈದಾ ಮಾಡುತ್ತದೆ. ಉಪ್ಪನ್ನು ಈಗ ರುಚಿ ನೋಡಿ ಹಾಕಿ, ಚೀಸ್‌ನಲ್ಲೇ ಸಾಕಷ್ಟು ಇರುತ್ತದೆ. ಪ್ಯಾಕೆಟ್ ಸೂಪ್ ಪುಡಿ ಕಲಸುವ ಸುಲಭದ ದಾರಿ ಕೆಲವರು ಹೇಳುತ್ತಾರೆ. ಅದರಲ್ಲಿ ಉಪ್ಪು, ಸಕ್ಕರೆ ಎರಡೂ ಜಾಸ್ತಿ. ಬೇಡ.

ತುರಿ, ಸಾಸ್ ಕಲಸಿ, ಬೆಣ್ಣೆ ಸವರಿದ ಪಾತ್ರೆಗೆ ಹಾಕಿ. ಎರಡು ಇಂಚಿಗಿಂತ ದಪ್ಪ ಬೇಡ. ಓಟಿಜಿ (ಮೇಜಿನ ಮೇಲಿಡುವ ಕರೆಂಟ್ ಓವನ್) ಸಣ್ಣದಿದ್ದರೆ ಎರಡು ಪಾತ್ರೆಗೆ ಹಂಚಿ. 180 ಡಿಗ್ರಿಯಲ್ಲಿ, ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ, 40 ನಿಮಿಷ. ಮೈಕ್ರೊವೇವ್ ಆದರೆ ಕನ್ವೆಕ್ಷನ್‌ನಲ್ಲೇ ಇಡಿ, ಬರೀ ಮೈಕ್ರೊವೇವ್‌ನಲ್ಲಿ ಮೇಲೆ ಕೆಂಪಾಗುವುದಿಲ್ಲ.

ಮೇಲುದುರಿಸುವುದಕ್ಕೆ ನನ್ನ ಆಯ್ಕೆ ಮಂಡಕ್ಕಿ. ಮಂಡಕ್ಕಿ ಭಟ್ಟಿಗಳ ಊರಲ್ಲಿದ್ದು ಕಾರ್ನ್‌ಫ್ಲೇಕ್ಸ್ ಹುಡುಕುವುದೇಕೆ? ಉಳಿದ 25 ಗ್ರಾಂ ಬೆಣ್ಣೆಯಲ್ಲಿ ಮಂಡಕ್ಕಿಯನ್ನು ಸಣ್ಣ ಉರಿಯಲ್ಲಿ ಹುರಿದು, ಕಾಳುಮೆಣಸಿನ ಪುಡಿ ಬೆರೆಸಿ, ಕೊನೆಯ 10 ನಿಮಿಷ ಇರುವಾಗ ಉದುರಿಸಿ. ಮೊದಲೇ ಹಾಕಿದರೆ ನೀರು ಹೀರಿ ಮೆತ್ತಗಾಗುತ್ತದೆ. ಕಾರ್ನ್‌ಫ್ಲೇಕ್ಸೇ ಬೇಕೆಂದರೆ ಜೇನು, ಬಾದಾಮಿ ಹಾಕಿದ್ದು ಬೇಡ, ಸಾದಾ ತನ್ನಿ.

ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯನ್ನು ದೋಸೆ ಹಂಚಿನ ಮೇಲಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ 35 ನಿಮಿಷ ಬೇಯಿಸಿ. ತಳ ಕೆಂಪಗಾಗುತ್ತದೆ. ಹುರಿದ ಮಂಡಕ್ಕಿಯನ್ನು ಬಡಿಸುವಾಗ ಉದುರಿಸಿ.

ಅಂಚಿನಲ್ಲಿ ಗುಳುಗುಳು ಅನ್ನುತ್ತಿದ್ದರೆ ಆಯಿತು. ಹೊರಗೆ ತೆಗೆದು 15 ನಿಮಿಷ ಬಿಡಿ. ಆಗಲೇ ಒಳಗೆ ಗಟ್ಟಿಯಾಗಿ ಕೂರುವುದು. ಮಕ್ಕಳು ಕಾಯುವುದಿಲ್ಲ, ಆದರೂ ಬಿಡಿ.

ಬೇರೆ ಮನೆಗೋ ಸಮುದಾಯ ಭವನಕ್ಕೋ ಒಯ್ಯುವುದಾದರೆ ಕಲಸಿದ್ದನ್ನು ಹಿಂದಿನ ರಾತ್ರಿಯೇ ಪಾತ್ರೆಗೆ ತುಂಬಿ ಫ್ರಿಜ್‌ನಲ್ಲಿಡಬಹುದು. ಹಾಗಿದ್ದರೆ ಆಲೂಗಡ್ಡೆ ಬೇಯಿಸುವುದು ಇನ್ನೂ ಒಂದು ದಿನ ಮೊದಲು. ಗಾಜಿನ ಪಾತ್ರೆಯನ್ನು ಮಾತ್ರ ಫ್ರಿಜ್‌ನಿಂದ ತೆಗೆದು ನೇರವಾಗಿ ಬಿಸಿ ಓವನ್‌ಗೆ ಇಡಬೇಡಿ, ಸೀಳುತ್ತದೆ. ಒಂದು ಗಂಟೆ ಹೊರಗಿಟ್ಟು, ಆಮೇಲೆ ಬೇಯಿಸಿ. ಬಿಸಿ ಪಾತ್ರೆಯನ್ನು ದಪ್ಪ ಟವೆಲ್‌ನಲ್ಲಿ ಸುತ್ತಿ ಒಯ್ಯಿರಿ, ಮಂಡಕ್ಕಿಯನ್ನು ಬೇರೆ ಡಬ್ಬಿಯಲ್ಲಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ, ಹಾಲು ಮೊಸರಿನ ಪದಾರ್ಥ. ಉಳಿದದ್ದನ್ನು ಮರುದಿನ ಕಾವಲಿಯ ಮೇಲೆ ಬೆಣ್ಣೆ ಹಾಕಿ, ಎರಡೂ ಕಡೆ ಕೆಂಪಗೆ ಬೇಯಿಸಿ ತಿನ್ನಿ.