ತಾಮ್ರದ ಗುಂಡಿಗೆ ತೂಕ ಬೇಡ, ಓಟ ಬೇಕು: ನನ್ನ ಅನುಭವ

"130 ಗ್ರೇನ್ ತೂಕದ ತಾಮ್ರದ ಗುಂಡಿಗೆ ಜಿಂಕೆ ಬೀಳುತ್ತಾ? ಸುಮ್ನೆ ಗಾಯ ಮಾಡಿ ಕಳಿಸ್ತೀಯ" ಅಂತ ನನಗೆ ಹೇಳಿದವರು ಕಡಿಮೆಯೆಂದರೂ ಐದು ಜನ. ಅದರಲ್ಲಿ ಇಬ್ಬರು ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಸುತ್ತಮುತ್ತ ಮೂವತ್ತು ವರ್ಷದಿಂದ ಶಿಕಾರಿ ಮಾಡಿದವರು. ಒಬ್ಬರು ಮಡಿಕೇರಿಯಲ್ಲಿರುವ ನಮ್ಮ ಮಾವ. ಈಗ ಮೂರು ಸೀಸನ್‌ನಲ್ಲಿ ಮೂರು ಗಂಡು ಬ್ಲ್ಯಾಕ್‌ಟೇಲ್ (ಇಲ್ಲಿನ ಕಪ್ಪುಬಾಲದ ಜಿಂಕೆ), ಮೂರೂ ಒಂದೊಂದೇ ಈಡಿಗೆ. ಈಗಲಾದರೂ ಬರೆಯಬಹುದು ಅಲ್ವಾ?

ಮೊದಲೇ ಹೇಳಿಬಿಡುತ್ತೇನೆ, ಇದು ಕೊಡಗಿನ ನಮ್ಮೂರಿನ ಕಥೆಯಲ್ಲ. ಊರಲ್ಲಿ ಶಿಕಾರಿ ನಿಲ್ಲಿಸಿದ 1972ರ ವನ್ಯಜೀವಿ ಕಾಯ್ದೆ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಮನೆಯಲ್ಲಿ ಕೋವಿ ಇತ್ತು, ಕೈಲ್ ಪೊಳ್ದ್ (ನಮ್ಮ ಆಯುಧಪೂಜೆಯ ಹಬ್ಬ) ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಿದ್ದೆವು. ಅಲ್ಲಿ ನಾನು ಹೊಡೆದು ಬೀಳಿಸಿದ್ದು ಮರಕ್ಕೆ ಕಟ್ಟಿದ ತೆಂಗಿನಕಾಯಿ ಮಾತ್ರ. ಬಿಲ್ಲಿಗೆ (ಪ್ರಾಣಿ ಬರುವ ದಾರಿಯಲ್ಲಿ ಕೋವಿ ಹಿಡಿದು ಕಾಯುವ ಜಾಗಕ್ಕೆ) ಕೂತ ಕಥೆಗಳೆಲ್ಲ ಅಜ್ಜನ ಬಾಯಲ್ಲಿ ಕೇಳಿದ್ದು. ನಿಜವಾದ ಶಿಕಾರಿ ಕಲಿತದ್ದು ಇಲ್ಲಿಗೆ ಬಂದ ಮೇಲೆ, ಶಿಕಾರಿಯ ಕೋರ್ಸ್ ಮುಗಿಸಿ, ಲೈಸೆನ್ಸ್ ತೆಗೆದು, ಟ್ಯಾಗ್ (ಒಂದು ಪ್ರಾಣಿಗೆ ಒಂದರಂತೆ ಪರವಾನಗಿ ಚೀಟಿ) ಕೊಂಡು.

ಕೋವಿ ಒಂದೇ, 22 ಇಂಚು ಬ್ಯಾರೆಲ್ಲಿನ .308 (ಗುಂಡಿನ ಅಗಲ, ಇಂಚಿನಲ್ಲಿ). ಶುರುವಿನಲ್ಲಿ 150 ಗ್ರೇನಿನ, ಮೆದು ತುದಿಯ ಸೀಸದ ಗುಂಡು (ಸಾಫ್ಟ್ ಪಾಯಿಂಟ್) ಹಾಕುತ್ತಿದ್ದೆ. ಅಗ್ಗ. ಪಕ್ಕೆಗೆ ಹೊಡೆದರೆ ಒಳಗೆ ಒಡೆದು ಜಿಂಕೆ ನಾಲ್ಕು ಹೆಜ್ಜೆಯಲ್ಲಿ ಬೀಳುತ್ತಿತ್ತು. ತಲೆ ಓಡಿಸುವ ಕೆಲಸವೇ ಇರಲಿಲ್ಲ. ಆದರೆ ಒಂದು ಸಲ ಪಲ್ಯದಲ್ಲಿ ಹೆಂಡತಿಯ ಹಲ್ಲಿಗೆ ಸೀಸದ ಚೂರು ಸಿಕ್ಕಿತು. ಗುಂಡು ತಾಗಿದ ಜಾಗದಿಂದ ಒಂದು ಗೇಣು ದೂರದ ಮಾಂಸ ಅದು. ಆಮೇಲೆ 2019ರ ಜುಲೈ 1ರಿಂದ ಇಡೀ ಕ್ಯಾಲಿಫೋರ್ನಿಯಾದಲ್ಲಿ ಶಿಕಾರಿಗೆ ಸೀಸವೇ ಬಂದ್ ಆಯಿತು. ಕೊಂಡೋರ್ ಕಾರಣಕ್ಕೆ. ಅದು ಇಲ್ಲಿನ ರಣಹದ್ದು, 1982ರಲ್ಲಿ ಬರೀ 22 ಉಳಿದಿದ್ದವು. ನಾವು ಕಾಡಲ್ಲಿ ಬಿಟ್ಟು ಬಂದ ಕರುಳಿನ ಜೊತೆ ಸೀಸದ ಚೂರು ತಿಂದು ಸಾಯುತ್ತವೆ. ನಮ್ಮ ದೇಶದ ರಣಹದ್ದುಗಳನ್ನು ದನದ ನೋವಿನ ಔಷಧಿ ಮುಗಿಸಿದ್ದು ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶೂಟಿಂಗ್ ರೇಂಜಿನಲ್ಲಿ ಬಯ್ಯುವವರು ಬಯ್ದರು. ನಾನು ಬಯ್ಯಲಿಲ್ಲ. ಹಾಗಂತ ಖುಷಿಯಾಗಿಯೂ ಇರಲಿಲ್ಲ.

ತಾಮ್ರದ ತೋಟೆ ತೆಗೆದುಕೊಳ್ಳಲು ಹೋದಾಗ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಭಾರ ಜಾಸ್ತಿ ಇದ್ದರೆ ಬಲ ಜಾಸ್ತಿ ಅಂದುಕೊಂಡು 168 ಗ್ರೇನ್ ಕೊಂಡೆ. ಇಪ್ಪತ್ತು ತೋಟೆಗೆ ಹತ್ತಿರ ಹತ್ತಿರ 60 ಡಾಲರ್. ಮೊದಲ ದಿನವೇ ನೂರು ಗಜದಲ್ಲಿ ಈಡುಗಳು ಮೂರೂವರೆ ಇಂಚು ಅಗಲಕ್ಕೆ ಚದುರಿದವು. ಅದೇ ಕೋವಿ ಸೀಸದಲ್ಲಿ ಒಂದೂಕಾಲು ಇಂಚಿನೊಳಗೆ ಇಡುತ್ತಿತ್ತು. ಇನ್ನೊಂದು ಕಂಪನಿಯ 168ರ ಪೆಟ್ಟಿಗೆ ತಂದೆ. ಎರಡೂವರೆ ಇಂಚು. ಮೂರನೆಯ ಪೆಟ್ಟಿಗೆಯೂ ಅಷ್ಟೇ. ಅಲ್ಲಿಗೆ 180 ಡಾಲರಿನಲ್ಲಿ ಬಹುಪಾಲು ರೇಂಜಿನ ಮಣ್ಣಿನ ದಿಬ್ಬಕ್ಕೆ ಹೋಯಿತು.

ಮೂರನೆಯ ಪೆಟ್ಟಿಗೆಯಲ್ಲಿ ಉಳಿದದ್ದನ್ನೇ ಹಿಡಿದು ಸೆಪ್ಟೆಂಬರ್‌ನಲ್ಲಿ ಮೆಂಡೊಸಿನೊ ಕಾಡಿಗೆ ಹೋದೆ. ಸಂಜೆ, ಕಣಿವೆಯ ಆಚೆ ಬದಿ, ಸುಮಾರು 260 ಗಜ, ಕವಲುಕೊಂಬಿನ ಗಂಡು. ಅಡ್ಡ ನಿಂತಿತ್ತು. ಹಳೆ ಅಭ್ಯಾಸದಂತೆ ಭುಜದ ಹಿಂದೆ, ಪಕ್ಕೆಗೆ ಇಟ್ಟೆ. ಅದು ಒಮ್ಮೆ ಗೂನು ಮಾಡಿ, ಏನೂ ಆಗದ ಹಾಗೆ ನಡೆದು ಹೋಯಿತು. ನಡೆದು! ಆಮೇಲೆ ಓಡಿತು. ಬಿದ್ದ ರಕ್ತ ಕಾಸಿನಗಲದ ಐದಾರು ಹನಿ, ಅಷ್ಟೇ. ಟಾರ್ಚ್ ಹಿಡಿದು ರಾತ್ರಿ ಹನ್ನೊಂದರವರೆಗೆ ಆ ಮುಳ್ಳು ಪೊದೆಯಲ್ಲಿ ತೆವಳಿದೆ. ಸಿಕ್ಕಿದ್ದು ಮರುದಿನ ಬೆಳಿಗ್ಗೆ ಎಂಟಕ್ಕೆ, ಮುನ್ನೂರು ಗಜ ಕೆಳಗೆ, ಹೊಟ್ಟೆ ಉಬ್ಬಿಕೊಂಡು. ಸೆಕೆಗೆ ಮಾಂಸ ಪೂರ್ತಿ ಹಾಳು. ಟ್ಯಾಗ್ ಕಟ್ಟಲೇಬೇಕು, ಕಟ್ಟಿದೆ. ಸುಲಿದು ನೋಡಿದರೆ ಪೆನ್ಸಿಲ್ ತೂರಿಸಿದ ಹಾಗೆ ಈ ಕಡೆ ಒಂದು ತೂತು, ಆ ಕಡೆ ಒಂದು ತೂತು. ಗುಂಡು ಅರಳಿಯೇ ಇಲ್ಲ. ಆ ವರ್ಷ ಮತ್ತೆ ಕೋವಿ ಮುಟ್ಟಲಿಲ್ಲ.

ಮಾವನಿಗೆ ಫೋನಿನಲ್ಲಿ ಹೇಳಿದೆ. "ಇನ್ನೂ ಭಾರದ್ದು ಹಾಕು ಮಗ" ಅಂದರು. ರೇಂಜಿನ ಹಿರಿಯರೂ ಅದನ್ನೇ ಅಂದರು, 180 ಹಾಕು ಅಂತ.

ಚಳಿಗಾಲವಿಡೀ ಕೂತು ಲೆಕ್ಕ ಹಾಕಿದೆ. ನನ್ನ 168 ಬ್ಯಾರೆಲ್ ಬಿಡುವಾಗಲೇ ಸೆಕೆಂಡಿಗೆ 2550 ಅಡಿಯ ಹತ್ತಿರ. 260 ಗಜಕ್ಕೆ 2100ರ ಒಳಗೆ ಇಳಿದಿರಬೇಕು. ತಾಮ್ರ ಸೀಸದ ಹಾಗೆ ಮೆದುವಲ್ಲ. ತುದಿಯ ತೂತಿನೊಳಗೆ ಒತ್ತಡ ಬಿದ್ದರೆ ಮಾತ್ರ ಹೂವಿನ ಹಾಗೆ ದಳ ಬಿಚ್ಚುತ್ತದೆ, ಒತ್ತಡ ಬರಲು ಓಟ, ಅಂದರೆ ವೇಗ, ಬೇಕು. ಇನ್ನೊಂದು, ಸೀಸದ ಗುಂಡು ಚೂರಾಗಿ ತೂಕ ಕಳೆದುಕೊಳ್ಳುತ್ತದೆ, ಅದಕ್ಕೇ ಭಾರದ್ದು ಬೇಕಾಗುತ್ತಿತ್ತು. ತಾಮ್ರ ತೂಕ ಕಳೆದುಕೊಳ್ಳುವುದೇ ಇಲ್ಲ ಅನ್ನಬಹುದು. ಮತ್ತೆ ಭಾರ ಯಾಕೆ? ಅಮೆರಿಕದ ಗುಂಡು ತಯಾರಿಸುವ ಬಾರ್ನ್ಸ್‌ನವರು ತಾಮ್ರದ ಗುಂಡು ತಂದದ್ದು 1989ರಲ್ಲಿ. ಆಗಿನಿಂದ ಬಲ್ಲವರು "ತೂಕದಲ್ಲಿ ಒಂದು ಮೆಟ್ಟಿಲು ಕೆಳಗಿಳಿ" ಅನ್ನುತ್ತಲೇ ಇದ್ದಾರೆ. ನಾನು ಎರಡು ಮೆಟ್ಟಿಲು ಇಳಿದು 130ಕ್ಕೆ ಬಂದೆ. ಬ್ಯಾರೆಲ್ಲಿನ ಬಾಯಲ್ಲಿ 3000ದ ಹತ್ತಿರ, 250 ಗಜದಲ್ಲೂ 2300 ಉಳಿಯುತ್ತದೆ.

ಇನ್ನು ಗುರಿ ಚದುರಿದ್ದಕ್ಕೆ ಕಾರಣ ಗುಂಡಲ್ಲ, ನನ್ನ ಸೋಮಾರಿತನ. ಸೀಸದ ಗುಂಡಿನ ಮೇಲಿನ ತಾಮ್ರದ ಕವಚ ಬ್ಯಾರೆಲ್ಲಿನೊಳಗೆ ಬಿಟ್ಟ ಪದರದ ಮೇಲೇ ತಾಮ್ರ ಹೊಡೆಯುತ್ತಿದ್ದೆ. ಬಟ್ಟೆ ಚೂರು ನೀಲಿ ಬರುವುದು ನಿಲ್ಲುವವರೆಗೆ ಬ್ಯಾರೆಲ್ ತೊಳೆದೆ. ಮೂರು ಸಂಜೆ ಹಿಡಿಯಿತು, ಮನೆಯೆಲ್ಲ ಅಮೋನಿಯಾ ವಾಸನೆ, ಹೆಂಡತಿ ಗ್ಯಾರೇಜಿಗೆ ಅಟ್ಟಿದಳು. ಆಮೇಲೆ ತೋಟೆ ನಾನೇ ತುಂಬಿದೆ. ಆಗ 50 ಗುಂಡಿಗೆ 50 ಡಾಲರ್ ಸುಮಾರು. ಗುಂಡಿಗೂ ರೈಫ್ಲಿಂಗಿಗೂ (ಬ್ಯಾರೆಲ್ ಒಳಗಿನ ಸುರುಳಿ ಗೆರೆ) ನಡುವೆ ಜಾಗ ಬಿಡಬೇಕು. ಸೀಸದ ಹಾಗೆ ಒತ್ತಿ ಕೂರಿಸಿದರೆ ತಾಮ್ರ ಮುನಿಸಿಕೊಳ್ಳುತ್ತದೆ. 50 ಥೌ (ಇಂಚಿನ ಸಾವಿರದಲ್ಲಿ ಐವತ್ತು ಭಾಗ) ಬಿಟ್ಟು ಶುರು ಮಾಡಿದೆ, ಎಲ್ಲಿ ನಿಲ್ಲಿಸಿದೆ ಅಂತ ಹೇಳಲ್ಲ. ತೋಟೆಗೆ ತುಂಬುವ ಮದ್ದಿನ ಹೆಸರು, ತೂಕವನ್ನೂ ಬರೆಯಲ್ಲ. ನಿಮ್ಮ ಕೋವಿಗೆ ಅದು ಹೆಚ್ಚಾದರೆ ನಿಮ್ಮ ಮುಖಕ್ಕೇ ಅಪಾಯ. ಕೈಪಿಡಿ ನೋಡಿ, ಕೆಳಗಿನ ಅಳತೆಯಿಂದ ಹತ್ತಿ. ನನ್ನದು ಈಗ ಮುಕ್ಕಾಲು ಇಂಚಿನಲ್ಲಿ ಮೂರು ಈಡು ಇಡುತ್ತದೆ. ಗಾಳಿ ಇಲ್ಲದ ದಿನ.

ಕಾಡಿಗೆ ಹೋಗುವ ಮೊದಲು ಗೆಳೆಯನ ರ‍್ಯಾಂಚಿನಲ್ಲಿ ಒಂದು ಆಟ ಆಡಿದೆ. ಹಾಲಿನ ಖಾಲಿ ಗ್ಯಾಲನ್ ಡಬ್ಬಿಗೆ ನೀರು ತುಂಬಿಸಿ ಸಾಲಾಗಿ ಇಟ್ಟು, ಹಿಂದೆ ಒದ್ದೆ ಪೇಪರಿನ ಕಟ್ಟು. ಪೇಪರ್ ಎಲ್ಲಿಂದ ಅಂದರೆ, ಇಂಡಿಯನ್ ಅಂಗಡಿಯ ಬಾಗಿಲಲ್ಲಿ ಪುಕ್ಕಟೆ ಇಡುತ್ತಾರಲ್ಲ, ಅದೇ. ಎರಡು ತಿಂಗಳು ಕೂಡಿಸಿದೆ. ದೂರದ ಓಟ ಸಿಗಲೆಂದು 250 ಗಜದಿಂದಲೇ ಹೊಡೆದೆ. 168ರ ಬಾಯಿ ಸ್ವಲ್ಪ ಮಾತ್ರ ತೆರೆದಿತ್ತು. 130 ನಾಲ್ಕು ದಳ ಬಿಚ್ಚಿಕೊಂಡು ಹೂವಾಗಿತ್ತು, ಎರಡು ಪಟ್ಟು ಅಗಲ. ತೂಗಿದರೆ 129 ಚಿಲ್ಲರೆ. ಅದನ್ನು ಈಗಲೂ ಕಾರಿನ ಕೀಲಿಗೆ ಹಾಕಿಕೊಂಡಿದ್ದೇನೆ.

ಆ ರ‍್ಯಾಂಚಿನಲ್ಲೇ ಒಂದು ಕಾಡುಹಂದಿಯ ಮೇಲೂ ನೋಡಿದೆ, ಅದಕ್ಕೂ ನನ್ನ ಹತ್ತಿರ ಟ್ಯಾಗ್ ಇತ್ತು. ಹೆಗಲ ದಪ್ಪ ಚರ್ಮ, ಮೂಳೆ ಎಲ್ಲ ದಾಟಿ ಆಚೆ ಹೋಯಿತು. ಮಿಕ್ಕದ್ದು ಊರಿಂದ ತಂದ ಕಾಚಂಪುಳಿ (ಹಂದಿ ಅಡುಗೆಗೆ ಹಾಕುವ ಹುಳಿ) ನೋಡಿಕೊಂಡಿತು.

ಆದರೆ ಗುಂಡು ಬದಲಾಯಿಸಿದ್ದು ಅರ್ಧ ಕೆಲಸ ಮಾತ್ರ. ಇನ್ನರ್ಧ, ಗುರಿ ಇಡುವ ಜಾಗ. ಈಗ ಪಕ್ಕೆಗೆ ಹೊಡೆಯಲ್ಲ, ಭುಜದ ಮೂಳೆಗೇ ಇಡುತ್ತೇನೆ. ತಾಮ್ರಕ್ಕೆ ಗಟ್ಟಿಯಾದದ್ದೇನಾದರೂ ಎದುರಾದರೆ ಒಳ್ಳೆಯದು. ಸೀಸದಲ್ಲಿ ಹೀಗೆ ಮಾಡಿದ್ದರೆ ಮುಂಗಾಲೆರಡೂ ರಕ್ತಮುದ್ದೆ. ತಾಮ್ರದಲ್ಲಿ ಅಂಗೈಯಗಲ ಮಾಂಸ ಹೋದರೆ ಹೆಚ್ಚು.

ಮೊದಲ ವರ್ಷ 140 ಗಜ, ನಿಂತಲ್ಲೇ ಕುಸಿಯಿತು. ಎರಡನೆಯದು 210ರ ಆಸುಪಾಸು, ಮೂವತ್ತು ಹೆಜ್ಜೆ ಓಡಿತು, ರಕ್ತದ ಜಾಡು ಕುರುಡನಿಗೂ ಸಿಗುವ ಹಾಗಿತ್ತು. ಹೋದ ವರ್ಷದ್ದು 280 ಗಜ, ಓರೆಯಾಗಿ ನಿಂತಿತ್ತು. ಅಲ್ಲೇ ಮಂಡಿಯೂರಿತು. ಆ ಗುಂಡು ಆಚೆ ತೊಡೆಯ ಚರ್ಮದ ಕೆಳಗೆ ಸಿಕ್ಕಿತು, 126 ಗ್ರೇನ್, ಒಂದು ದಳದ ತುದಿ ಮುರಿದಿತ್ತು. ಯಾವ ಕಣಿವೆ ಅಂತ ಕೇಳಬೇಡಿ.

ಒಟ್ಟು ಖರ್ಚು ಹೆಂಡತಿಗೆ 300 ಅಂತ ಹೇಳಿದ್ದೇನೆ. 700 ದಾಟಿದೆ. 180 ಹಾಕು ಅಂದಿದ್ದ ರೇಂಜಿನ ಹಿರಿಯರು ಮೊನ್ನೆ ಬಂದು, ಮದ್ದು ಯಾವುದು ಅಂತ ಮೆಲ್ಲಗೆ ಕೇಳಿದರು. ಗುಂಡಿನ ಪೆಟ್ಟಿಗೆ ತೋರಿಸಿದೆ.